ಪಾಟಿನ ಬದನೆ: ಹೂ ಉದುರುತ್ತಿದೆ, ಕುಡಿ ಬಾಡುತ್ತಿದೆ

ತಾರಸಿ_ಕೈತೋಟ (ಬೆಂಗಳೂರು)

ಎಲ್ಲರಿಗೂ ನಮಸ್ಕಾರ. ತಾರಸಿಯಲ್ಲಿ ಆರು ಬದನೆ ಗಿಡಗಳಿವೆ. ವಿವರ ಕೊಡುತ್ತೇನೆ, ತಿಳಿದವರು ದಯವಿಟ್ಟು ಹೇಳಿ.

ನರ್ಸರಿಯ ನೇರಳೆ ಗುಂಡು ಬದನೆ, ತಳಿಯ ಹೆಸರು ಗೊತ್ತಿಲ್ಲ. 10 ಇಂಚಿನ ಪ್ಲಾಸ್ಟಿಕ್ ಪಾಟು. ಕೆಂಪು ಮಣ್ಣು, ಎರೆಗೊಬ್ಬರ, ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಸಮಸಮ. ಬಿಸಿಲು ಬೆಳಿಗ್ಗೆ 7ರಿಂದ ಮಧ್ಯಾಹ್ನ 1ರ ತನಕ, ಆಮೇಲೆ ಪಕ್ಕದ ಕಟ್ಟಡದ ನೆರಳು. ಬೋರ್‌ವೆಲ್ ನೀರು, ದಿನಕ್ಕೊಂದು ಸಲ. ವಾರಕ್ಕೊಮ್ಮೆ ಕಡಲೆಕಾಯಿ ಹಿಂಡಿ ನೀರು, ಆಗಾಗ ಒಂದು ಹಿಡಿ ಸೌದೆ ಬೂದಿ.

ಎಲೆ ಅಗಲವಾಗಿ, ಕಡುಹಸಿರಾಗಿ ಚೆನ್ನಾಗಿದೆ. ಹೂವೂ ಬರುತ್ತದೆ. ಆದರೆ ಅರಳಿ ಎರಡು ಮೂರು ದಿನಕ್ಕೆ ತೊಟ್ಟು ಹಳದಿಯಾಗಿ ಉದುರುತ್ತದೆ. ಈಗ ಕೆಲವು ಕುಡಿಗಳು ಬೇರೆ ಜೋತು ಬೀಳುತ್ತಿವೆ, ಉಳಿದ ಗಿಡ ಮಾತ್ರ ನೆಟ್ಟಗೇ ನಿಂತಿದೆ. ಬೇವಿನ ಎಣ್ಣೆ ಹೊಡೆದರೂ ನಿಂತಿಲ್ಲ. ಇನ್ನು ಯಾವ ಔಷಧಿ ಹೊಡೆಯಬೇಕು?

ಮಣ್ಣುಗೊಬ್ಬರ (ಬೆಂಗಳೂರು)

ಇಲ್ಲಿ ಎರಡು ಬೇರೆ ಬೇರೆ ತೊಂದರೆಗಳು ಸೇರಿಕೊಂಡಿವೆ. ಹೂ ಉದುರುವುದು ಹೆಚ್ಚಾಗಿ ಬೇರಿನ ಜಾಗ, ನೀರು, ಗೊಬ್ಬರದ ಲೆಕ್ಕ. ಕುಡಿ ಬಾಡುವುದು ಹುಳುವಿನ ಕೆಲಸ. ಎರಡಕ್ಕೂ ಒಂದೇ ಔಷಧಿ ಹುಡುಕಿದರೆ ಎರಡೂ ಸರಿಹೋಗುವುದಿಲ್ಲ. ಮೊದಲನೆಯದನ್ನು ನಾನು ಬರೆಯುತ್ತೇನೆ.

10 ಇಂಚಿನ ಪಾಟು ಹೆಚ್ಚೆಂದರೆ 8–9 ಲೀಟರ್ ಮಣ್ಣು ಹಿಡಿಯುತ್ತದೆ. ಮೆಣಸಿನ ಗಿಡ ಅದರಲ್ಲಿ ಹೇಗೋ ಬದುಕುತ್ತದೆ, ಬದನೆಗೆ ಸಾಲದು. ಹೂ ಬಿಡುವ ಹೊತ್ತಿಗೆ ಬದನೆಯ ಹರವು ಎರಡಡಿ ಆಗಿರುತ್ತದೆ. ಅಷ್ಟು ಎಲೆ ಬೇಸಿಗೆಯಲ್ಲಿ ದಿನಕ್ಕೆ ಎರಡು ಲೀಟರ್ ನೀರು ಎಳೆಯುತ್ತದೆ. ಬೆಳಿಗ್ಗೆ ಹಾಕಿದ ನೀರು ಮಧ್ಯಾಹ್ನಕ್ಕೆ ಮುಗಿದರೆ ಗಿಡ ಎಲೆಯನ್ನು ಉಳಿಸಿಕೊಂಡು ಹೂವನ್ನು ಬಿಟ್ಟುಬಿಡುತ್ತದೆ. ಜೊತೆಗೆ ತಾರಸಿಯ ಕಾಂಕ್ರೀಟು ಕಾದು ಪಾಟಿನ ಗೋಡೆಗೆ ಅಂಟಿದ ಬೇರೆಲ್ಲ ಸುಡುತ್ತದೆ.

ಒಂದು ಗಿಡಕ್ಕೆ ಕನಿಷ್ಠ 20 ಲೀಟರ್ ಬೇಕು. 12×15 ಇಂಚಿನ ಗ್ರೋ ಬ್ಯಾಗ್‌ನಲ್ಲಿ ಮೇಲೆ ಎರಡು ಇಂಚು ಬಿಟ್ಟು ತುಂಬಿದರೆ ಸುಮಾರು 24 ಲೀಟರ್ ಹಿಡಿಯುತ್ತದೆ, ಅದು ಸರಿಯಾದ ಅಳತೆ. 15×15 ಆದರೆ 37 ಲೀಟರ್ ಆಗುತ್ತದೆ. ಗಿಡಕ್ಕೆ ಇನ್ನೂ ಒಳ್ಳೆಯದು, ಆದರೆ ನೀರು ಕುಡಿದ ಮೇಲಿನ ಭಾರ ನೆನಪಿರಲಿ. 24 ಲೀಟರ್ ಚೀಲವೇ 25 ಕಿಲೋ ಹತ್ತಿರ ತೂಗುತ್ತದೆ, ಆದ್ದರಿಂದ ತಾರಸಿಯ ನಡುಮಧ್ಯ ಬೇಡ, ಕೆಳಗೆ ತೊಲೆ ಅಥವಾ ಗೋಡೆ ಇರುವ ಅಂಚಿನ ಗುಂಟ ಇಡಿ. ಬಣ್ಣ ಬಿಳಿಯದೇ ಆರಿಸಿ. ಪ್ರತಿ ಚೀಲದಡಿಗೆ ಎರಡು ಇಟ್ಟಿಗೆ ಕೊಟ್ಟರೆ ನೀರೂ ಬಸಿಯುತ್ತದೆ, ಕೆಳಗೆ ಗಾಳಿಯೂ ಆಡುತ್ತದೆ.

ಒಂದು ಚೀಲಕ್ಕೆ ಮಿಶ್ರಣ ಹೀಗೆ: ಜರಡಿ ಹಿಡಿದ ಕೆಂಪು ಮಣ್ಣು 10 ಲೀಟರ್, ಪೂರ್ತಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಎರೆಗೊಬ್ಬರ 8 ಲೀಟರ್, ಕೋಕೋಪೀಟ್ 6 ಲೀಟರ್, ಬೇವಿನ ಹಿಂಡಿ 100 ಗ್ರಾಂ, ಮೂಳೆ ಪುಡಿ 50 ಗ್ರಾಂ. ಕೋಕೋಪೀಟ್ ಇಟ್ಟಿಗೆಯನ್ನು ನೆನೆಸಿ, ಹಿಂಡಿ, ನೀರು ಬದಲಿಸಿ ಮೂರು ಸಲ ತೊಳೆಯಲೇಬೇಕು. ತೊಳೆಯದ ಪೀಟಿನಲ್ಲಿ ಉಪ್ಪಿನಂಶ ಉಳಿದಿರುತ್ತದೆ, ಅದು ಎಲೆಯಂಚನ್ನು ಸುಡುತ್ತದೆ. ಹಸಿ ಸಗಣಿ ಗೊಬ್ಬರ ಹಾಕಬೇಡಿ. ಚೀಲದೊಳಗೆ ಅದು ಕಾದು ಬೇರನ್ನು ಬೇಯಿಸುತ್ತದೆ, ಗೊಬ್ಬರದ ಹುಳುವೂ ಜೊತೆಗೆ ಬರುತ್ತದೆ.

ಈಗಿರುವ ಗಿಡಗಳನ್ನೇ ಬದಲಾಯಿಸಬಹುದು. ಹಿಂದಿನ ದಿನ ಚೆನ್ನಾಗಿ ನೀರು ಕೊಡಿ, ಮರುದಿನ ಸಂಜೆ ಪಾಟಿನ ಗೋಡೆ ತಟ್ಟಿ ಮಣ್ಣಿನ ಹೆಂಟೆ ಒಡೆಯದಂತೆ ಎತ್ತಿ. ಸುತ್ತ ಬೇರು ಬಳೆಯಂತೆ ಸುತ್ತಿಕೊಂಡಿದ್ದರೆ ಬೆರಳಲ್ಲಿ ಕೆಳಭಾಗ ಮಾತ್ರ ಸ್ವಲ್ಪ ಸಡಿಲಿಸಿ. ಇರುವ ಹೂವು, ಮೊಗ್ಗು ಎಲ್ಲ ಚಿವುಟಿ, ರೆಂಬೆಗಳನ್ನು ಮೂರನೇ ಒಂದು ಭಾಗ ಕತ್ತರಿಸಿ ನೆಡಿ. ನಾಲ್ಕೈದು ದಿನ ಮಧ್ಯಾಹ್ನದ ಬಿಸಿಲು ತಾಗದಂತೆ ನೋಡಿಕೊಳ್ಳಿ. ಹೂ ಚಿವುಟಲು ಮನಸ್ಸು ಬರುವುದಿಲ್ಲ ಎಂದು ಬಿಟ್ಟರೆ ಬೇರು ಹಿಡಿಯುವುದು ತಡವಾಗುತ್ತದೆ, ಆ ಹೂವು ಹೇಗೂ ನಿಲ್ಲುವುದಿಲ್ಲ.

ಗೊಬ್ಬರದ ವಿಷಯ. ಎಲೆ ಅಗಲ, ಕಡುಹಸಿರು, ಕಾಯಿ ಇಲ್ಲ ಅಂದರೆ ಸಾರಜನಕ ಹೆಚ್ಚಾಗಿದೆ ಅಂತಲೇ ಅರ್ಥ. ಹಿಂಡಿ ನೀರನ್ನು ಮೂರು ವಾರ ನಿಲ್ಲಿಸಿ. ಆಮೇಲೆ 100 ಗ್ರಾಂ ಹಿಂಡಿಯನ್ನು 2 ಲೀಟರ್ ನೀರಿನಲ್ಲಿ ಮೂರು ದಿನ ನೆನೆಸಿ, ಸೋಸಿ, ಹತ್ತು ಪಾಲು ನೀರು ಬೆರೆಸಿ, ಗಿಡಕ್ಕೆ ಅರ್ಧ ಲೀಟರ್, 15 ದಿನಕ್ಕೊಮ್ಮೆ ಸಾಕು. ಬೂದಿಯನ್ನು ಪೂರ್ತಿ ಬಿಡಿ. ಬದನೆಗೆ ಹಿತವಾದ ಮಣ್ಣಿನ ರಸಸಾರ (pH) 5.5ರಿಂದ 6.8. ಬೋರ್‌ವೆಲ್ ನೀರು ಗಡಸಾಗಿದ್ದರೆ ಮಣ್ಣು ಮೊದಲೇ ಕ್ಷಾರದ ಕಡೆ ವಾಲಿರುತ್ತದೆ, ಬೂದಿ ಅದನ್ನು ಇನ್ನೂ ಮೇಲಕ್ಕೆ ತಳ್ಳುತ್ತದೆ. ಹೊಸ ಎಲೆ ಹಳದಿ, ನರ ಮಾತ್ರ ಹಸಿರು ಕಂಡರೆ ಅದು ಕಬ್ಬಿಣಾಂಶ ಸಿಗದಿರುವ ಗುರುತು. ಪೊಟ್ಯಾಶಿಗೆ ಸಲ್ಫೇಟ್ ಆಫ್ ಪೊಟ್ಯಾಶ್ (0-0-50) 5 ಗ್ರಾಂ, 2 ಲೀಟರ್ ನೀರಿನಲ್ಲಿ ಕರಗಿಸಿ ಚೀಲಕ್ಕೆ ಮೂರು ವಾರಕ್ಕೊಮ್ಮೆ ಕೊಡಿ. ಮಳೆನೀರು ಸಿಕ್ಕಾಗಲೆಲ್ಲ ಅದನ್ನೇ ಹಾಕಿ.

ಮಣ್ಣು ಒಣಗದಂತೆ ಮೇಲೆ ಒಣಎಲೆಯ ಹೊದಿಕೆ ಹಾಕಿದರೆ ನೀರು ಉಳಿಯುತ್ತದೆ.

ಹೂ_ಕಾಯಿ (ಮೈಸೂರು)

ಮೇಲಿನವರು ಹೇಳಿದ್ದು ಸರಿ. ಆದರೆ ಚೀಲ ಬದಲಿಸುವ ಮುಂಚೆ ಹೂವನ್ನು ಒಮ್ಮೆ ಕಣ್ಣಿನ ಹತ್ತಿರ ಹಿಡಿದು ನೋಡಿ, ಉತ್ತರ ಅರ್ಧ ಅಲ್ಲೇ ಇದೆ.

ಬದನೆ ಹೂವಿನ ನಡುವೆ ಹಳದಿ ಕೇಸರಗಳು ಕೊಳವೆಯಂತೆ ಒತ್ತಾಗಿ ನಿಂತಿರುತ್ತವೆ. ಅದರ ಮಧ್ಯದಿಂದ ಹಸಿರು ತುದಿಯ ಸಣ್ಣ ಕಡ್ಡಿಯೊಂದು ಹೊರಗೆ ಇಣುಕುತ್ತದೆ. ಅದು ಶಲಾಕೆ, ತುದಿ ಶಲಾಕಾಗ್ರ. ಅದು ಕೇಸರಗಳಿಗಿಂತ ಉದ್ದವಾಗಿದ್ದರೆ ಅಥವಾ ಸಮವಾಗಿದ್ದರೆ ಆ ಹೂವು ಕಾಯಿ ಕಟ್ಟುತ್ತದೆ. ಕೇಸರಗಳ ಒಳಗೇ ಹುದುಗಿದ್ದರೆ ಅದು ಗಿಡ್ಡ ಶಲಾಕೆಯ ಹೂವು, ಏನು ಮಾಡಿದರೂ ಉದುರುತ್ತದೆ. ಪ್ರತಿ ಗಿಡದಲ್ಲೂ ಇಂಥವು ಒಂದಷ್ಟು ಇದ್ದೇ ಇರುತ್ತವೆ, ಅವು ಬಿದ್ದರೆ ಚಿಂತೆ ಬೇಡ. ಗೊಂಚಲಿನಲ್ಲಿ ಬುಡದ ಹೂವು ಸಾಮಾನ್ಯವಾಗಿ ಉದ್ದ ಶಲಾಕೆಯದು, ತುದಿಯ ಕಡೆಯವು ಗಿಡ್ಡ. ಗಿಡದ ತುಂಬ ಗಿಡ್ಡವೇ ಕಂಡರೆ ಗಿಡಕ್ಕೆ ಶಕ್ತಿ ಸಾಲದು: ಬಿಸಿಲು ಕಡಿಮೆ, ಬೇರು ಇಕ್ಕಟ್ಟು, ಅಥವಾ ಸೆಖೆ. ಆಗ ಮಣ್ಣುಗೊಬ್ಬರ ಅವರು ಬರೆದ ದಾರಿಯೇ ಸರಿ.

ಉದ್ದ ಶಲಾಕೆಯ ಹೂವೂ ಉದುರುತ್ತಿದ್ದರೆ ತೊಂದರೆ ಪರಾಗಸ್ಪರ್ಶದಲ್ಲಿದೆ. ಬದನೆಯ ಪರಾಗ ಕೇಸರದ ಮೈಮೇಲೆ ಹರಡಿರುವುದಿಲ್ಲ, ತುದಿಯ ಸೂಜಿಮೊನೆಯಷ್ಟು ರಂಧ್ರದಿಂದ ಉದುರಬೇಕು. ಅದಕ್ಕೆ ಅಲುಗಾಟ ಬೇಕು. ಕರಿ ಮರದುಂಬಿ, ನೀಲಿ ಪಟ್ಟೆಯ ಜೇನು ಇಂಥವು ಹೂ ಹಿಡಿದು ಝೇಂಕರಿಸಿ ಪರಾಗ ಉದುರಿಸುತ್ತವೆ. ನಾವು ಸಾಕುವ ಜೇನುಹುಳುವಿಗೆ ಆ ಕಲೆ ಇಲ್ಲ. ಮೂರನೇ ನಾಲ್ಕನೇ ಮಹಡಿಯ ತಾರಸಿಗೆ ಈ ದುಂಬಿಗಳು ಬರುವುದು ಕಡಿಮೆ.

ಮಾಡಬೇಕಾದದ್ದು ಸುಲಭ. ಬೆಳಿಗ್ಗೆ 8ರಿಂದ 11ರೊಳಗೆ, ಬಿಸಿಲು ಬಂದು ಇಬ್ಬನಿ ಆರಿದ ಮೇಲೆ, ಬ್ಯಾಟರಿಯ ಟೂತ್‌ಬ್ರಷ್‌ನ ಹಿಂಬದಿಯನ್ನು ಹೂವಿನ ತೊಟ್ಟಿಗೆ ಎರಡು ಮೂರು ಸೆಕೆಂಡು ತಾಗಿಸಿ. ಹೂವಿನ ಕೆಳಗೆ ಕಪ್ಪು ಕಾಗದ ಹಿಡಿದರೆ ಹಳದಿ ಪುಡಿ ಬಿದ್ದದ್ದು ಕಾಣುತ್ತದೆ. ಬ್ರಷ್ ಇಲ್ಲದಿದ್ದರೆ ಬೆರಳಲ್ಲಿ ತೊಟ್ಟಿಗೆ ಮೆಲ್ಲಗೆ ತಟ್ಟಿದರೂ ಆಗುತ್ತದೆ. ಪ್ರತಿ ಹೂವಿಗೆ ಎರಡು ದಿನ ಸತತ ಮಾಡಿ. ಹೂವು ಎರಡು ಮೂರು ದಿನ ತೆರೆದಿರುತ್ತದೆ, ಮೊದಲ ಎರಡು ದಿನವೇ ಮುಖ್ಯ.

ಏಪ್ರಿಲ್–ಮೇನಲ್ಲಿ ಉಷ್ಣತೆ 35 ಡಿಗ್ರಿ ದಾಟಿದ ದಿನಗಳಲ್ಲಿ ಪರಾಗವೇ ಕೆಡುತ್ತದೆ. ಆಗ ಎಷ್ಟು ಅಲುಗಿಸಿದರೂ ಫಲವಿಲ್ಲ. 35 ಶೇಕಡಾ ನೆರಳು ಬಲೆ ಮಧ್ಯಾಹ್ನದ ಕಡೆಗೆ ಕಟ್ಟಿ, ಗಿಡವನ್ನು ಜೀವಂತ ಇಟ್ಟುಕೊಂಡರೆ ಮೊದಲ ಮಳೆ ಬಿದ್ದ ಮೇಲೆ ತಾನೇ ಕಟ್ಟುತ್ತದೆ. 50 ಶೇಕಡಾ ಬಲೆಯನ್ನು ವರ್ಷವಿಡೀ ಬಿಟ್ಟರೆ ಮತ್ತೆ ಗಿಡ್ಡ ಶಲಾಕೆಯ ಹೂವೇ ಬರುತ್ತದೆ. ನಿಮಗೆ ಸಿಗುತ್ತಿರುವ ಆರು ಗಂಟೆ ಬಿಸಿಲು ಸಾಕು, ಅದಕ್ಕಿಂತ ಕಡಿಮೆ ಆಗದಂತೆ ನೋಡಿಕೊಳ್ಳಿ.

ಕತ್ತರಿ_ಕೈಯಲ್ಲಿ (ತುಮಕೂರು)

ಕುಡಿ ಬಾಡುವುದರ ಬಗ್ಗೆ ನಾನು ಬರೆಯುತ್ತೇನೆ. ಇದು ಕುಡಿ ಮತ್ತು ಕಾಯಿ ಕೊರಕ. ಖಚಿತ ಮಾಡಿಕೊಳ್ಳಲು ಜೋತುಬಿದ್ದ ಕುಡಿಯನ್ನು ಬ್ಲೇಡಿನಲ್ಲಿ ಉದ್ದಕ್ಕೆ ಸೀಳಿ. ಒಳಗೆ ಟೊಳ್ಳಾದ ದಾರಿ, ಕಂದು ಹಿಕ್ಕೆ, ಅದರ ಕೊನೆಗೆ ಗುಲಾಬಿ ಛಾಯೆಯ ಹುಳು ಸಿಗುತ್ತದೆ.

ಬೇವಿನ ಎಣ್ಣೆ ಏಕೆ ಹಿಡಿಯಲಿಲ್ಲ ಅಂದರೆ, ಮೊಟ್ಟೆಯೊಡೆದ ಮರಿ ಹೊರಗೆ ಓಡಾಡುವುದು ಕೆಲವೇ ಗಂಟೆ. ಕುಡಿಗೋ ಕಾಯಿಯ ತೊಟ್ಟಿನಡಿಗೋ ಹೊಕ್ಕು ತನ್ನ ಹಿಕ್ಕೆಯಿಂದಲೇ ಬಾಗಿಲು ಮುಚ್ಚಿಕೊಳ್ಳುತ್ತದೆ. ಆಮೇಲೆ ಮೇಲಿಂದ ಏನು ಹೊಡೆದರೂ ಅದಕ್ಕೆ ತಾಗುವುದಿಲ್ಲ. ಬದನೆ ಬೆಳೆಯುವ ಹೊಲಗಳಲ್ಲಿ ಮತ್ತೆ ಮತ್ತೆ ವಿಷ ಸಿಂಪಡಿಸುವುದಕ್ಕೆ ಮೂಲವೇ ಈ ಹುಳು. ಮನೆಯಲ್ಲಿ ಬೆಳೆಯುವುದು ಆ ವಿಷ ಬೇಡವೆಂದೇ ಅಲ್ಲವೇ? ಆರು ಗಿಡಕ್ಕೆ ಕತ್ತರಿಯಷ್ಟು ಒಳ್ಳೆಯ ಔಷಧಿ ಬೇರೆ ಇಲ್ಲ.

ಇದರ ಲೆಕ್ಕ ತಿಳಿದರೆ ಕೆಲಸ ಸುಲಭ. ಮೊಟ್ಟೆ ಒಡೆಯಲು ನಾಲ್ಕೈದು ದಿನ, ಹುಳುವಾಗಿ ಸುಮಾರು ಎರಡು ವಾರ, ಆಮೇಲೆ ಹೊರಬಂದು ಬಿದ್ದ ಎಲೆ, ಕಸದ ನಡುವೆ ಗೂಡು ಕಟ್ಟಿ ಒಂದು ವಾರ ಹತ್ತು ದಿನಕ್ಕೆ ಪತಂಗ. ಹುಳು ಕುಡಿಯೊಳಗಿರುವ ಆ ಎರಡು ವಾರದಲ್ಲಿ ನೀವು ನಾಲ್ಕು ಸಲ ಕುಡಿ ನೋಡಿದರೆ ಒಂದೂ ಗೂಡಿನ ಹಂತಕ್ಕೆ ಹೋಗುವುದಿಲ್ಲ. ಹಾಗಾಗಿ ಪ್ರತಿ ಮೂರು ನಾಲ್ಕು ದಿನಕ್ಕೊಮ್ಮೆ ಗಿಡ ಸುತ್ತಿ, ಬಾಡಿದ ಕುಡಿಯನ್ನು ಬಾಡಿದ ಜಾಗಕ್ಕಿಂತ ಒಂದಿಂಚು ಕೆಳಗೆ ಕತ್ತರಿಸಿ. ಕತ್ತರಿಸಿದ ಕಡೆ ಕಾಂಡದ ನಡುವೆ ತೂತು ಕಂಡರೆ ಹುಳು ಇನ್ನೂ ಕೆಳಗಿದೆ, ಗಟ್ಟಿ ತಿರುಳು ಕಾಣುವ ತನಕ ಮತ್ತೆ ಕತ್ತರಿಸಿ. ತುಂಡುಗಳನ್ನು ಸೋಪಿನ ನೀರಿಗೆ ಹಾಕಿ ಅಥವಾ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬಿಸಿಲಲ್ಲಿ ಎರಡು ದಿನ ಬಿಡಿ. ಗೊಬ್ಬರದ ತೊಟ್ಟಿಗೆ ಮಾತ್ರ ಹಾಕಬೇಡಿ. ತೂತಾದ ಕಾಯಿಗೂ ಇದೇ ಕ್ರಮ. ಕತ್ತರಿಸಿದ ಕಡೆ ಎರಡು ಹೊಸ ಕವಲು ಬರುತ್ತವೆ, ಗಿಡಕ್ಕೆ ನಷ್ಟವೇನಿಲ್ಲ.

ಈ ಕಾರಣಕ್ಕೇ ಒಣಎಲೆಯ ಹೊದಿಕೆ ಬದನೆಗೆ ಬೇಡ ಎನ್ನುತ್ತೇನೆ. ಅದು ಗೂಡಿಗೆ ಹೇಳಿ ಮಾಡಿಸಿದ ಜಾಗ. ತೆಂಗಿನ ಸಿಪ್ಪೆಯ ತುಂಡುಗಳನ್ನು ಹರಡಿ, ಎರಡು ವಾರಕ್ಕೊಮ್ಮೆ ಎತ್ತಿ ಕೊಡವಿ ನೋಡಿ. ಉದುರಿದ ಎಲೆಗಳನ್ನು ಅಂದಂದೇ ಗುಡಿಸಿ.

ಕಾಯಿ ಗೋಲಿ ಗಾತ್ರ ಆದಾಗ ತೆಳು ಬಲೆಯ ಸಣ್ಣ ಚೀಲ ತೊಡಿಸಿ ತೊಟ್ಟಿನ ಮೇಲಿಂದ ದಾರ ಕಟ್ಟಿ. ಕಾಯಿಯ ತೊಟ್ಟಿನ ಹಸಿರು ಟೊಪ್ಪಿಗೆಯಡಿ ಮೊಟ್ಟೆ ಇಡುವುದು ತಪ್ಪುತ್ತದೆ. ಮೋಹಕ ಬಲೆ, ಅಂದರೆ ಹೆಣ್ಣು ಪತಂಗದ ವಾಸನೆಯ ಬಿಲ್ಲೆಯಿಂದ (ಲೂರ್) ಗಂಡನ್ನು ಸೆಳೆದು ಹಿಡಿಯುವ ಬಲೆ, ಇಡುವುದಾದರೆ ಅಂಗಡಿಯಲ್ಲಿ ಬದನೆ ಕೊರಕದ ಲೂರ್ ಎಂದೇ ಕೇಳಿ. ಟೊಮ್ಯಾಟೊ ಕಾಯಿ ಕೊರಕದ್ದು ಇದಕ್ಕೆ ಕೆಲಸ ಮಾಡುವುದಿಲ್ಲ. ಆರು ಗಿಡಕ್ಕೆ ಒಂದು ಸಾಕು, ಗಿಡದ ತಲೆಯ ಎತ್ತರಕ್ಕೆ ತೂಗುಹಾಕಿ, ತಿಂಗಳಿಗೊಮ್ಮೆ ಲೂರ್ ಬದಲಿಸಿ. ಅದಕ್ಕೆ ಬೀಳುವುದು ಗಂಡು ಪತಂಗ ಮಾತ್ರ. ಹೆಣ್ಣು ಪಕ್ಕದ ತಾರಸಿಯಿಂದಲೂ ಬರಬಹುದು, ಹಾಗಾಗಿ ಬಲೆ ಇದೆ ಎಂದು ಕತ್ತರಿ ಬಿಡಬೇಡಿ.

ಬೇವಿನ ಎಣ್ಣೆ ಪೂರ್ತಿ ವ್ಯರ್ಥವಲ್ಲ. ಬಿಳಿ ನೊಣ, ಜಿಗಿಹುಳುವಿಗೆ 5 ಮಿಲಿ ಎಣ್ಣೆಯನ್ನು 1 ಮಿಲಿ ದ್ರವ ಸೋಪಿನೊಂದಿಗೆ ಮೊದಲು ಕಲಸಿ, ಆಮೇಲೆ 1 ಲೀಟರ್ ನೀರು ಸೇರಿಸಿ, ಸಂಜೆ ಎಲೆಯಡಿಗೆ ಹೊಡೆಯಿರಿ. ಬಿಸಿಲಲ್ಲಿ ಹೊಡೆದರೆ ಎಲೆ ಸುಡುತ್ತದೆ.

ತಾರಸಿ_ಕೈತೋಟ

ಎಲ್ಲರಿಗೂ ಧನ್ಯವಾದ. ಕುಡಿ ಸೀಳಿ ನೋಡಿದೆ, ಹುಳು ಇದೆ. ಹೂವುಗಳಲ್ಲಿ ಎರಡೂ ಬಗೆಯವು ಇವೆ. ಚೀಲ, ಬ್ರಷ್ ಎರಡೂ ಆಗುತ್ತದೆ.

ಇನ್ನೆರಡು ಪ್ರಶ್ನೆ. ಒಂದು ಗಿಡ ಪೂರ್ತಿಯಾಗಿ ಬಾಡಿದೆ, ಎಲೆ ಹಸಿರಾಗೇ ಇದೆ, ಇದೂ ಕೊರಕವೇ? ಮುಂದಿನ ಸಲಕ್ಕೆ ಯಾವ ತಳಿ ಹಾಕಲಿ?

ಕರಾವಳಿ_ಕೃಷಿ (ಉಡುಪಿ)

ಪೂರ್ತಿ ಬಾಡಿದ ಗಿಡವನ್ನು ಮರುದಿನ ಬೆಳಿಗ್ಗೆ ಸೂರ್ಯ ಏರುವ ಮುಂಚೆ ನೋಡಿ. ಮಧ್ಯಾಹ್ನ ಜೋತು ಬೆಳಿಗ್ಗೆ ನೆಟ್ಟಗಾದರೆ ನೀರಿನ ಕೊರತೆ. ಬೆಳಿಗ್ಗೆಯೂ ಜೋತೇ ಇದ್ದರೆ ಬೇರು ಕೊಳೆತಿದೆ ಅಥವಾ ದುಂಡಾಣು (ಬ್ಯಾಕ್ಟೀರಿಯಾ) ಸೊರಗು ರೋಗ. ಬುಡದ ಹತ್ತಿರ ಕಾಂಡವನ್ನು ಎರಡು ಇಂಚು ತುಂಡು ಮಾಡಿ, ಗಾಜಿನ ಲೋಟದ ತಿಳಿನೀರಿನಲ್ಲಿ ತುದಿ ಮುಳುಗುವಂತೆ ಹಿಡಿಯಿರಿ. ಕೆಲವು ನಿಮಿಷದಲ್ಲಿ ಕತ್ತರಿಸಿದ ಕಡೆಯಿಂದ ಹಾಲಿನಂಥ ಎಳೆ ಕೆಳಗಿಳಿದರೆ ದುಂಡಾಣು ರೋಗವೇ. ಮದ್ದಿಲ್ಲ. ಗಿಡ, ಮಣ್ಣು ಎರಡನ್ನೂ ತೆಗೆಯಿರಿ, ಆ ಮಣ್ಣಿಗೆ ಟೊಮ್ಯಾಟೊ, ಮೆಣಸು, ಆಲೂಗಡ್ಡೆ ಹಾಕಲೇಬಾರದು. ಕತ್ತರಿಯನ್ನು ಸ್ಪಿರಿಟ್‌ನಲ್ಲಿ ಒರೆಸಿದ ಮೇಲೆಯೇ ಬೇರೆ ಗಿಡ ಮುಟ್ಟಿ. ನೀರು ಒಂದು ಪಾಟಿನಿಂದ ಇನ್ನೊಂದಕ್ಕೆ ಹರಿಯದಿರಲಿ, ರೋಗ ಹಾಗೇ ದಾಟುತ್ತದೆ. ಹಾಲಿನ ಎಳೆ ಕಾಣದಿದ್ದರೆ ಗಿಡ ಕಿತ್ತು ಬೇರು ನೋಡಿ. ಕಂದಾಗಿ ಮೆತ್ತಗಿದ್ದರೆ ನೀರು ನಿಂತದ್ದು, ಬೇರಿನ ತುಂಬ ಗಂಟುಗಳಿದ್ದರೆ ಜಂತುಹುಳು.

ತಳಿ: ಸೊರಗು ರೋಗ ಒಮ್ಮೆ ಕಂಡ ಮನೆಯಲ್ಲಿ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಕೇಶವ್, ಅರ್ಕಾ ನೀಲಕಂಠ, ಅರ್ಕಾ ನಿಧಿ ಒಳ್ಳೆಯವು, ಈ ರೋಗವನ್ನು ತಡೆಯುತ್ತವೆ. ಗೊಂಚಲಾಗಿ ಬಿಡುತ್ತವೆ, ಹೈಬ್ರಿಡ್ ಅಲ್ಲದ್ದರಿಂದ ಬೀಜವನ್ನೂ ಉಳಿಸಿಕೊಳ್ಳಬಹುದು. ನಮ್ಮ ಉಡುಪಿಯ ಮಟ್ಟು ಊರಿನ ಬದನೆ ಮಟ್ಟುಗುಳ್ಳ ರುಚಿಗೆ ಎಲ್ಲಕ್ಕಿಂತ ಮೇಲೆ ಎಂಬುದು ನನ್ನ ಖಚಿತ ಅಭಿಪ್ರಾಯ, 2011ರಲ್ಲಿ ಭೌಗೋಳಿಕ ಸೂಚಕವೂ ಸಿಕ್ಕಿದೆ. ಚೀಲದಲ್ಲಿ ಬೆಳೆಯಬಹುದು, ಆದರೆ 15×15 ಬೇಕು, ಮಣ್ಣಿಗೆ ಕಾಲು ಭಾಗ ಮರಳು ಸೇರಿಸಬೇಕು, ಮಳೆಗಾಲ ಮುಗಿದ ಮೇಲೆ ನೆಡಬೇಕು. ಮಟ್ಟುವಿನ ಮಣ್ಣಿನ ರುಚಿ ಬೆಂಗಳೂರಿನ ಚೀಲದಲ್ಲಿ ಅಷ್ಟೇ ಬರುತ್ತದೆ ಅಂತ ನಿರೀಕ್ಷಿಸಬೇಡಿ.

ಬೀಜ ಹಾಕುವುದಾದರೆ ಅರ್ಧ ಸೆಂಟಿಮೀಟರ್ ಆಳ ಸಾಕು, ವಾರದಿಂದ ಹತ್ತು ದಿನಕ್ಕೆ ಮೊಳೆಯುತ್ತದೆ. ಸಸಿಯ ತಟ್ಟೆಗೆ ಸಂಜೆ ನೀರು ಹಾಕಬೇಡಿ, ರಾತ್ರಿಯಿಡೀ ತೇವ ನಿಂತರೆ ಬುಡ ಕೊಳೆತು ಸಸಿ ಸಾಲಾಗಿ ಮಲಗುತ್ತದೆ. ನಾಲ್ಕರಿಂದ ಆರು ವಾರಕ್ಕೆ, ಐದಾರು ಎಲೆ ಬಂದಾಗ ಚೀಲಕ್ಕೆ ನೆಡಿ.

ಮುಳಗಾಯಿ (ಧಾರವಾಡ)

ಒಂದ್ ಮಾತು ಸೇರಸ್ತೀನ್ರಿ. ಕಾಯಿ ಬಂದ ಮ್ಯಾಲೆ ಇನ್ನೂ ದೊಡ್ಡದಾಗ್ಲಿ ಅಂತ ಬಿಡಬ್ಯಾಡ್ರಿ. ಕಾಯಿ ಕಟ್ಟಿದ ಎರಡರಿಂದ ಮೂರು ವಾರದಾಗ ಮೈ ಮಿರಿಮಿರಿ ಹೊಳೀತಿರಬೇಕಾದ್ರನ ಕೊಯ್ಯಬೇಕು. ಹೆಬ್ಬೆರಳಿಂದ ಒತ್ತಿ ನೋಡ್ರಿ: ತಗ್ಗು ಬಿದ್ದು ತಿರುಗಿ ಮ್ಯಾಲೆ ಬಂದ್ರ ಹದಕ್ಕ ಬಂದದ. ತಗ್ಗು ಹಂಗ ಉಳದ್ರ ಬಲತದ, ಹೊಳಪು ಹೋದ್ರ ಒಳಗ ಬೀಜ ಕಂದಾಗಿ ಕಹಿ ಆಗೇದ ಅಂತ ತಿಳೀರಿ. ಎಣ್ಣೆಗಾಯಿಗೆ ಬೇಕಂದ್ರ ನಿಂಬೆಹಣ್ಣಿಗಿಂತ ಒಂದೀಟು ದೊಡ್ಡದಿದ್ದಾಗನ ಕೊಯ್ರಿ. ಬಲತ ಕಾಯಿ ಗಿಡದ ಮ್ಯಾಲೆ ಒಂದ ಉಳದ್ರೂ ಗಿಡ ಹೊಸ ಹೂವು ಕಡಿಮಿ ಮಾಡ್ತದ. ಕೈಲೆ ಜಗ್ಗಬ್ಯಾಡ್ರಿ, ರೆಂಬಿ ಸೀಳ್ತದ, ತೊಟ್ಟು ಸಮೇತ ಕತ್ತರಿಲೆ ಕತ್ತರಸ್ರಿ.

ಮಣ್ಣುಗೊಬ್ಬರ (ಬೆಂಗಳೂರು)

ಹೊದಿಕೆಯ ಬಗ್ಗೆ ಕತ್ತರಿ_ಕೈಯಲ್ಲಿ ಅವರು ಹೇಳಿದ್ದೇ ಬದನೆಗೆ ಸರಿ, ತೆಂಗಿನ ಸಿಪ್ಪೆಯನ್ನೇ ಬಳಸಿ.

ಕೊಯ್ಲು ಮುಗಿದ ಗಿಡವನ್ನು ಕೀಳಬೇಡಿ. ಐದಾರು ತಿಂಗಳಾದ ಮೇಲೆ ಕಾಯಿ ಸಣ್ಣದಾಗುತ್ತ ಬಂದರೆ ಬುಡದಿಂದ ಒಂದು ಗೇಣು ಬಿಟ್ಟು ಕತ್ತರಿಸಿ, ಕನಿಷ್ಠ ಮೂರು ಗಿಣ್ಣು ಉಳಿಯಲಿ. ಮೇಲಿನ ಎರಡಿಂಚು ಮಣ್ಣು ತೆಗೆದು ಅಷ್ಟೇ ಎರೆಗೊಬ್ಬರ, ಒಂದು ಹಿಡಿ ಬೇವಿನ ಹಿಂಡಿ ತುಂಬಿ. ಎಲೆ ಇಲ್ಲದ ಬುಡಕ್ಕೆ ನೀರು ಅರ್ಧ ಲೀಟರ್ ಸಾಕು, ಚಿಗುರು ಬರುತ್ತ ಹೋದಂತೆ ಏರಿಸಿ. ಎರಡು ಮೂರು ವಾರಕ್ಕೆ ಚಿಗುರುತ್ತದೆ, ಗಟ್ಟಿಯಾದ ಮೂರು ಚಿಗುರು ಮಾತ್ರ ಉಳಿಸಿ. ಬೆಂಗಳೂರಿನಲ್ಲಿ ಇದಕ್ಕೆ ಸೆಖೆ ಶುರುವಾಗುವ ಹೊತ್ತು ಒಳ್ಳೆಯ ಸಮಯ, ಸೆಖೆಯಲ್ಲಿ ಹೇಗೂ ಕಟ್ಟದ ಹೂವಿನ ಅವಧಿ ಅದರಲ್ಲೇ ಕಳೆಯುತ್ತದೆ.

ಆದರೆ ಎಲೆಗಳು ತೀರ ಸಣ್ಣದಾಗಿ, ಪೊರಕೆಯಂತೆ ಒತ್ತಾಗಿ ಬಂದು, ಹೂವೇ ಹಸಿರೆಲೆಯಂತಾದ ಗಿಡ ಇದ್ದರೆ ಅದನ್ನು ಹೀಗೆ ಕತ್ತರಿಸಿ ಮತ್ತೆ ಚಿಗುರಲು ಬಿಡಬೇಡಿ. ಅದು ಜಿಗಿಹುಳು ಹರಡುವ ಸಣ್ಣೆಲೆ ರೋಗ, ಎಷ್ಟು ಕತ್ತರಿಸಿದರೂ ಅದೇ ಚಿಗುರು ಬರುತ್ತದೆ. ಬೇರು ಸಮೇತ ಕಿತ್ತು ಚೀಲದಲ್ಲಿ ಕಟ್ಟಿ ಎಸೆಯಿರಿ, ಅದೇ ದಿನ ಸಂಜೆ ಉಳಿದ ಗಿಡಗಳ ಎಲೆಯಡಿಗೆ ಬೇವಿನ ಎಣ್ಣೆ ಹೊಡೆಯಿರಿ.